ಮಾದಪ್ಪನ ಬೆಟ್ಟಕ್ಕೆ ಐದು ದಿನದ ರಜೆ

ಶಿವರಾತ್ರಿಯ ವಾರದಲ್ಲಿ ಬೆಂಗಳೂರಿಂದ ಕನಕಪುರ ದಾಟಿ ಮಳವಳ್ಳಿ ಕಡೆಗೆ ಕಾರಿನಲ್ಲಿ ಬಂದಿದ್ದೀರಾ? ಹಾಗಾದರೆ ಅವರನ್ನು ನೋಡಿರ್ತೀರಿ. ರಸ್ತೆಯ ಅಂಚಿನಲ್ಲಿ ಸಾಲಾಗಿ, ಹೆಗಲಿಗೊಂದು ಬ್ಯಾಗು, ತಲೆಗೊಂದು ಟವೆಲ್ಲು, ಕೈಯಲ್ಲೊಂದು ಕೋಲು. ಕೆಲವರ ಕಾಲಲ್ಲಿ ಚಪ್ಪಲಿ ಇರಲ್ಲ, ಕೆಲವರು ಕಾಲಿಗೆ ಬಟ್ಟೆ ಸುತ್ತಿಕೊಂಡಿರ್ತಾರೆ. ರಾತ್ರಿ ಹನ್ನೊಂದಕ್ಕೆ ಹೋದರೂ ಇರ್ತಾರೆ, ಬೆಳಗಿನ ನಾಲ್ಕಕ್ಕೆ ಹೋದರೂ ಇರ್ತಾರೆ. ಎಲ್ಲರೂ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು.

ಆ ರಸ್ತೆ ನಮ್ಮೂರಿನ ಮೇಲೇ ಹಾದು ಹೋಗುತ್ತೆ. ಹಲಗೂರು, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ. ಚಿಕ್ಕಂದಿನಲ್ಲಿ ರಸ್ತೆ ಬದಿ ನಿಂತು ಅವರಿಗೆ ಮಜ್ಜಿಗೆ ಕೊಡೋದು ನಮಗೆಲ್ಲ ಒಂದು ಆಟ. ಮೂವತ್ತು ವರ್ಷ ಹೀಗೆ ಮಜ್ಜಿಗೆ ಕೊಡುವ ಕಡೆಯೇ ನಿಂತಿದ್ದ ನಾನು 2025ರಲ್ಲಿ ಮಜ್ಜಿಗೆ ಕುಡಿಯುವ ಕಡೆಗೆ ಬಂದೆ. ಕಾರಣ ನಮ್ಮ ದೊಡ್ಡವ್ವ. ಭಕ್ತಿ, ಫಿಟ್‌ನೆಸ್ಸು ಎರಡೂ ಆಮೇಲೆ.

ದೊಡ್ಡವ್ವನಿಗೆ ಈಗ ಅರವತ್ತೊಂದು. ಇಪ್ಪತ್ತೆರಡು ವರ್ಷದಿಂದ ಪ್ರತಿ ಶಿವರಾತ್ರಿಗೂ ಬೆಟ್ಟಕ್ಕೆ ನಡೆದಿದ್ದಾಳೆ. ಎರಡು ವರ್ಷದಿಂದ ಎಡಗಾಲಿನ ಮಂಡಿ ಸವೆದಿದೆ. ಮಂಡ್ಯದ ಡಾಕ್ಟರು ಎಕ್ಸ್‌ರೇ ನೋಡಿ, ಚಿಪ್ಪು ಬದಲಿಸಬೇಕು, ಬೇಸಿಗೆ ಕಳೆದ ಮೇಲೆ ಮಾಡೋಣ ಅಂದಿದ್ದರು. ಅವಳ ಮಗ, ಅಂದರೆ ನಮ್ಮಣ್ಣ, ಆವತ್ತಿನಿಂದಲೇ ಒಂದು ಮಾತು ಹಿಡಿದುಕೊಂಡಿದ್ದ: "ಈ ಸಲ ಬಸ್ಸಲ್ಲಿ ಹೋಗವ್ವ. ಹೆಂಗೂ ನಿಂಗೆ ಫ್ರೀ."

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿಂದ ನಮ್ಮ ಕಡೆಯ ಹೆಂಗಸರು ಸರ್ಕಾರಿ ಬಸ್ಸಲ್ಲಿ ಆಧಾರ್ ಕಾರ್ಡ್ ತೋರಿಸಿ ಬೆಟ್ಟಕ್ಕೆ ಹೋಗಿಬರ್ತಿದ್ದಾರೆ. ಬೆಳಗ್ಗೆ ಹತ್ತಿದರೆ ಮಧ್ಯಾಹ್ನ ದರ್ಶನ, ರಾತ್ರಿಗೆ ಮನೆ. ದೊಡ್ಡವ್ವ ಇದಕ್ಕೆ ಕೊಟ್ಟ ಉತ್ತರ ಕೇಳಿ ನಾನು ಫೋನ್ ಕೆಳಗಿಟ್ಟೆ.

"ಬಸ್ಸಲ್ಲಿ ಓದ್ರೆ ಸಾಯಂಕಾಲಕ್ಕೆ ಬಂದ್ಬುಡ್ತೀನಲ್ಲ ಮಗ. ಅದೇ ಕಷ್ಟ."

ನನಗೆ ಅದು ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ಇಪ್ಪತ್ತೆರಡು ವರ್ಷದಲ್ಲಿ ದೊಡ್ಡವ್ವ ಮನೆ ಬಿಟ್ಟು ರಾತ್ರಿ ಹೊರಗೆ ಉಳಿದದ್ದು ಮದುವೆ, ಸಾವು, ಆಸ್ಪತ್ರೆ ಬಿಟ್ಟರೆ ಈ ಐದು ದಿನ ಮಾತ್ರ. ಹಸುಗಳಿಗೆ ಮೇವು ಹಾಕೋದು, ಹಾಲು ಡೈರಿಗೆ ಹಾಕೋದು, ರಾಗಿ ಮುದ್ದೆ ತೊಳಸೋದು, ಇದಕ್ಕೆಲ್ಲ ಯಾರೂ ಅವಳಿಗೆ ರಜೆ ಕೊಡಲ್ಲ. ಮಾದಪ್ಪ ಕೊಡ್ತಾನೆ. "ಹರಕೆ ಐತೆ" ಅಂದರೆ ಗಂಡ, ಮಾವ, ಮಗ ಯಾರೂ ಎದುರಾಡೋ ಹಾಗಿಲ್ಲ. ನಾನು ಮ್ಯಾನೇಜರಿಗೆ ಮೇಲ್ ಹಾಕಿ, ಎರಡು ಸಲ ನೆನಪಿಸಿ ತಗೊಂಡ ರಜೆಯನ್ನು ಅವಳು ಎರಡೇ ಪದದಲ್ಲಿ ತಗೋತಾಳೆ. ಕಡೆಗೆ ಅಣ್ಣ ಒಂದು ಷರತ್ತು ಹಾಕಿದ: ಜೊತೆಗೆ ಮನೆಯವರು ಯಾರಾದರೂ ಹೋಗಬೇಕು. ಆ ಯಾರಾದರೂ ಅನ್ನೋದು ನಾನಾದೆ. ಶಿವರಾತ್ರಿ ಫೆಬ್ರುವರಿ 26, ಬುಧವಾರ, ಹೇಗೂ ಸರ್ಕಾರಿ ರಜೆ. ಸೋಮವಾರ, ಮಂಗಳವಾರ ಎರಡು ದಿನ ನಾನು ಹಾಕಿಕೊಂಡರೆ ಸಾಕಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಮಹದೇಶ್ವರ ಅಥವಾ ಮಾದಪ್ಪ ಸುಮಾರು ಆರುನೂರು ವರ್ಷದ ಹಿಂದೆ ಈ ಕಾಡಿಗೆ ಬಂದ ಶರಣ ಅನ್ನೋದು ನಂಬಿಕೆ. ಅವನಿದ್ದ ಸೀಮೆಗೆ ಎಪ್ಪತ್ತೇಳು ಮಲೆ ಅಂತ ಹೆಸರು: ಆನೆಮಲೆ, ಜೇನುಮಲೆ, ಪೊನ್ನಾಚಿಮಲೆ, ಹೀಗೆ. ಅವನ ಕಥೆಯನ್ನು ಕಂಸಾಳೆಯವರು, ಅಂದರೆ ದೇವರಗುಡ್ಡರು, ರಾತ್ರಿಯಿಡೀ ಹಾಡ್ತಾರೆ. ಪಿ.ಕೆ. ರಾಜಶೇಖರ ಅವರು ಅದನ್ನು ಹಳ್ಳಿಗಳಲ್ಲಿ ಕೇಳಿ ಬರೆದುಕೊಂಡು 1973ರಲ್ಲಿ ಪುಸ್ತಕ ಮಾಡಿದರು. 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೆ. ಕೇಶವನ್ ಪ್ರಸಾದ್ ಅವರ ಇನ್ನೊಂದು ದೊಡ್ಡ ಸಂಗ್ರಹ ತಂದಿತು. ನಮ್ಮ ಮನೆಗಳಿಗೆ ಆ ಕಥೆ ಪುಸ್ತಕದಿಂದ ಬರಲಿಲ್ಲ, ಕಂಸಾಳೆ ಮಹದೇವಯ್ಯನವರ ಕ್ಯಾಸೆಟ್ಟಿನಿಂದ ಬಂತು. ಆ ಮಾತು ಬೇರೆ.

ಒಂದು ತಮಾಷೆ ಅಂದರೆ, ನಮ್ಮೂರಿನ ಹೆಸರು ದೊಡ್ಡದಾಗಿ ಬರೋದು ಮಾದಪ್ಪನ ಕಥೆಯಲ್ಲಲ್ಲ, ಪಕ್ಕದ ಮಂಟೇಸ್ವಾಮಿಯ ಕಥೆಯಲ್ಲಿ. ಅಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿಕೊಂಡು ಹಲಗೂರಿನ ಪಾಂಚಾಳರ ಹತ್ತಿರ ಬರ್ತಾನೆ. ನಮ್ಮವರು ಕೊಡಲ್ಲ, ಅಷ್ಟೇ ಅಲ್ಲ, ಅವನಿಗೆ ನಾನಾ ಕಾಟ ಕೊಡ್ತಾರೆ. ಕಡೆಗೆ ಸೋಲ್ತಾರೆ. ದಾರಿಯಲ್ಲಿ ಯಾರಾದರೂ "ಯಾವೂರು?" ಅಂತ ಕೇಳಿ ನಾವು "ಹಲಗೂರು" ಅಂದರೆ, ವಯಸ್ಸಾದವರು ಒಂದು ಸಲ ನಗ್ತಾರೆ. ಕಬ್ಬಿಣ ಕೊಡದೆ ಇದ್ದ ಊರಿನವರು ಈಗ ಮಜ್ಜಿಗೆ ಹಂಚಿ ಸರಿಮಾಡಿಕೊಳ್ತಿದ್ದೀವಿ ಅಂತ ನಮ್ಮ ಗುಂಪಿನ ಗುಡ್ಡಯ್ಯ ಹೇಳ್ತಿದ್ದರು.

ನಮ್ಮ ಗುಂಪು ಮೂವತ್ತು ಜನರ ಮೇಲಿತ್ತು, ಅದರಲ್ಲಿ ಹೆಂಗಸರು ಹನ್ನೊಂದು. ಶುಕ್ರವಾರ ರಾತ್ರಿ ಊಟ ಮಾಡಿ ಹೊರಟೆವು. ಮಳವಳ್ಳಿ, ಸತ್ತೇಗಾಲದ ಸೇತುವೆ, ಕೊಳ್ಳೇಗಾಲ, ಕಾಮಗೆರೆ, ಹನೂರು, ಕೌದಳ್ಳಿ. ಬೆಟ್ಟದವರೆಗೆ ನೂರಿಪ್ಪತ್ತು ಕಿಲೋಮೀಟರಿಗೆ ಕಮ್ಮಿ ಇಲ್ಲ. ಕನಕಪುರ, ರಾಮನಗರ ಕಡೆಯವರಲ್ಲಿ ತುಂಬ ಜನ ಸಂಗಮದ ಹತ್ತಿರ ಹಗ್ಗ ಹಿಡಿದು ಕಾವೇರಿ ದಾಟಿ, ಬಸವನಕಡದ ಮೇಲೆ ಕಾಡಿನೊಳಗೆ ನಡೆದು ಶಾಗ್ಯದ ಕಡೆ ಬರ್ತಾರೆ. ಅದು ಹತ್ತಿರದ ದಾರಿ, ಆದರೆ ನೀರಿಗೂ ಆನೆಗೂ ಹೆದರಬೇಕು. ನಾವು ಹಿಡಿದದ್ದು ಡಾಂಬರಿನ ದಾರಿ. ಅಲ್ಲಿ ಹೆದರಬೇಕಾದ್ದು ಲಾರಿಗೆ.

ಆ ನಾಲ್ಕು ದಿನದ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಡಾಂಬರು, ಬಿಸಿಲು, ಬೊಬ್ಬೆ. ಬೊಬ್ಬೆಗೆ ನಮ್ಮವರ ಔಷಧಿ ಸೂಜಿ-ದಾರ: ಸೂಜಿ ಚುಚ್ಚಿ, ದಾರವನ್ನು ಬೊಬ್ಬೆಯೊಳಗೇ ಬಿಟ್ಟರೆ ನೀರು ತಾನಾಗಿ ಬಸಿದು ಹೋಗುತ್ತೆ. ನಾನು ಆನ್‌ಲೈನಲ್ಲಿ ತರಿಸಿದ್ದ ಅಂಟುಪಟ್ಟಿ ಎರಡನೇ ದಿನ ಬೆವರಿಗೆ ಕಿತ್ತು ಬಂತು. ದಾರ ನಿಂತಿತು. ಡಾಕ್ಟರುಗಳಿಗೆ ಇದು ಇಷ್ಟವಾಗಲ್ಲ, ಸೂಜಿಯನ್ನಾದರೂ ಬೆಂಕಿಗೆ ಹಿಡಿದು ಚುಚ್ಚಿಕೊಳ್ಳಿ. ಊಟಕ್ಕೆ ಮಾತ್ರ ಯಾವ ಊರಲ್ಲೂ ಕೊರತೆಯಿಲ್ಲ. ಒಂದು ಕಡೆ ಅಂಬಲಿ, ಒಂದು ಕಡೆ ಕಲ್ಲಂಗಡಿ, ಇನ್ನೊಂದು ಕಡೆ ಬಿಸಿಬೇಳೆಬಾತು. ಪ್ಯಾಂಟು ಮಡಚಿಕೊಂಡ ಹುಡುಗರು ಅಪರಿಚಿತರ ಕಾಲಿಗೆ ಹರಳೆಣ್ಣೆ ತಿಕ್ತಾ ಕೂತಿರ್ತಾರೆ. ಹೆಂಗಸರಿಗೆ ಕಷ್ಟವಾಗೋದು ಊಟವಲ್ಲ, ಕಕ್ಕಸು. ಪೆಟ್ರೋಲ್ ಬಂಕು, ಶಾಲೆ, ಯಾರದೋ ತೋಟದ ಮನೆ, ಎಲ್ಲಿ ಸಿಗುತ್ತೆ ಎಲ್ಲಿ ಸಿಗಲ್ಲ ಅನ್ನೋ ಪಟ್ಟಿ ದೊಡ್ಡವ್ವನ ತಲೆಯಲ್ಲಿತ್ತು. ಯಾವ ಮ್ಯಾಪಿನಲ್ಲೂ ಅದಿಲ್ಲ. ಅವಳ ನೀರು ಕುಡಿಯೋ ಲೆಕ್ಕವೂ ಅದರ ಮೇಲೇ ನಡೀತಿತ್ತು.

ಮಂಗಳವಾರ ಮಧ್ಯಾಹ್ನ ತಾಳಬೆಟ್ಟ ತಲುಪಿದೆವು. ನಿಜವಾದ ಬೆಟ್ಟ ಶುರುವಾಗೋದು ಇಲ್ಲಿಂದ. ಬಸ್ಸು, ಕಾರು ಸುತ್ತಿ ಸುತ್ತಿ ತಿರುವು ಹತ್ತಿಕೊಂಡು ಹೋಗ್ತವೆ. ನಡೆಯುವವರಿಗೆ ಕಾಡಿನೊಳಗೆ ನೆಟ್ಟಗೆ ಏರುವ ಹಳೇ ಕಾಲುದಾರಿ. ದೇವಸ್ಥಾನ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಅಂಕಿ ಕೇಳಿದರೆ ದೊಡ್ಡದೇನಲ್ಲ, ಚಿಕ್ಕಮಗಳೂರಿನ ಬೆಟ್ಟ ಹತ್ತಿದವರು ನಗಬಹುದು. ಆದರೆ ನಾಲ್ಕು ದಿನ ಡಾಂಬರು ತುಳಿದ ಕಾಲಲ್ಲಿ, ಫೆಬ್ರುವರಿ ಕೊನೆಯ ಬಿಸಿಲಲ್ಲಿ, ಎಲೆ ಉದುರಿ ನೆರಳಿಲ್ಲದ ಕಾಡಲ್ಲಿ ಹತ್ತೋದು ಬೇರೆ ಲೆಕ್ಕ. ಜೊತೆಗೆ ಒಂದು ಗುಡ್ಡ ಹತ್ತಿದರೆ ಮುಗೀತು ಅನ್ನೋ ಹಾಗಿಲ್ಲ. ಹತ್ತಿ ಇಳಿದು, ಮತ್ತೆ ಹತ್ತಬೇಕು. ಮಂಡಿ ಹೋದವರಿಗೆ ಹತ್ತೋದಕ್ಕಿಂತ ಆ ಇಳಿಯೋದೇ ಯಮ.

ಅವತ್ತು ರಾತ್ರಿ ದೊಡ್ಡವ್ವನ ಮಂಡಿ ಊದಿತ್ತು. ಬಟ್ಟೆ ಬಿಸಿ ಮಾಡಿ ಶಾಖ ಕೊಡ್ತಾ ಇದ್ದೆ. ಗುಂಪಿನ ಗಂಡಸರು ಒಬ್ಬೊಬ್ಬರಾಗಿ ಬಂದು, "ಇಲ್ಲಿಗಂಟ ನಡದ್ಯಲ್ಲ, ಸಾಕು ಬುಡಕ್ಕ. ಮಾದಪ್ಪ ಒಪ್ಕತಾನೆ. ನಾಳೆ ಇಲ್ಲಿಂದ ಬಸ್ ಹತ್ಕೊ" ಅಂದರು. ಅಣ್ಣ ವಿಡಿಯೋ ಕಾಲ್ ಮಾಡಿ ಮಂಡಿ ತೋರಿಸು ಅಂದ. ದೊಡ್ಡವ್ವ ಬಲಗಾಲಿನ ಮಂಡಿ ತೋರಿಸಿದಳು. ನನಗೆ ಒಳಗೊಳಗೇ ಭಯ. ಕಾಲುದಾರಿಯ ಮಧ್ಯದಲ್ಲಿ ಅವಳು ಕೂತುಬಿಟ್ಟರೆ ಅಲ್ಲಿಗೆ ಆಟೋ ಬರಲ್ಲ, ಫೋನಿಗೆ ಸಿಗ್ನಲ್ ಸಿಗುತ್ತೋ ಇಲ್ಲವೋ. ಹೊತ್ತುಕೊಂಡೇ ಹೋಗಬೇಕು. ಹೊರೋರು ಯಾರು ಅಂತ ಗುಂಪಿನಲ್ಲಿ ನಾಲ್ಕು ಗಟ್ಟಿಮುಟ್ಟಾದ ಹುಡುಗರನ್ನು ಮನಸ್ಸಿನಲ್ಲೇ ಗುರುತು ಮಾಡಿಟ್ಟುಕೊಂಡೆ. ಕೆಲಸದಲ್ಲಿ ನಾವು ಇದಕ್ಕೆ ಬ್ಯಾಕಪ್ ಪ್ಲಾನ್ ಅಂತೀವಿ. ಬರೆದಿಟ್ಟರೆ ಧೈರ್ಯ ಬರುತ್ತೆ ಅಷ್ಟೇ.

"ತಾಳು ಬೆಟ್ಟ ಅಂದ್ರೆ ಏನು ಗೊತ್ತಾ ಮಗ?" ಅಂದಳು. "ತಾಳ್ಕೊಂಡು ಅತ್ತು ಅಂತ." ಇದು ಅವಳೇ ಕಟ್ಟಿದ ಅರ್ಥ, ಪಂಡಿತರು ಒಪ್ಪಬೇಕಿಲ್ಲ.

ಬೆಳಕು ಹರಿಯೋವರೆಗೆ ಹೊರಡೋ ಹಾಗಿಲ್ಲ, ಚಿರತೆ, ಆನೆ ಓಡಾಡೋ ಜಾಗ. ಇದನ್ನು ಓದಿ ಹೊರಡುವವರಿಗೂ ಒಂದು ಮಾತು. ಕತ್ತಲಲ್ಲಿ ಇಬ್ಬರು ಮೂವರೇ ಆ ದಾರಿಗೆ ಇಳಿಯಬೇಡಿ. ಅರಣ್ಯ ಇಲಾಖೆಯವರು ಹೊತ್ತು ಹೇಳಿದರೆ ಕೇಳಿ, ದಾರಿ ಮುಚ್ಚಿದ್ದಾರೆ ಅಂದರೆ ಬಸ್ಸು ಹತ್ತಿ. ತಾಳಬೆಟ್ಟದ ಗುಡಿ ಮುಂದೆ ಕಾಯಿ ಒಡೆದು, ಧೂಪ ಹಾಕಿ, ಮೂವತ್ತು ಜನವೂ ಒಟ್ಟಿಗೆ "ಉಘೇ" ಅಂದು ಹೊರಟೆವು.

ಹತ್ತೋ ವಿಷಯದಲ್ಲಿ ದೊಡ್ಡವ್ವನ ಹತ್ತಿರ ಕಲಿಯೋದು ತುಂಬ ಇತ್ತು. ನಾನು ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗ್ತೀನಿ, ಅಲ್ಲಿ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಅವಳು ಯಾವತ್ತೂ ನೆಟ್ಟಗೆ ಹತ್ತಲ್ಲ. ಹಸು ಗುಡ್ಡ ಹತ್ತೋ ಹಾಗೆ ಅಡ್ಡಡ್ಡ ಹೋಗ್ತಾಳೆ: ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು. ದಾರಿ ಉದ್ದವಾಗುತ್ತೆ, ಏರು ಕಮ್ಮಿಯಾಗುತ್ತೆ. ಬೆಟ್ಟದ ರಸ್ತೆಗೆ ತಿರುವು ಕೊಡೋ ಎಂಜಿನಿಯರ್ ಮಾಡೋದೂ ಅದನ್ನೇ. ಎರಡು ಅಡಿ ಎತ್ತರದ ಕಲ್ಲು ಬಂದರೆ ಅದನ್ನು ಬಳಸಿ ಹೋಗ್ತಾಳೆ, ಎರಡು ಚಿಕ್ಕ ಕಲ್ಲು ಹುಡುಕ್ತಾಳೆ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಇದನ್ನೇ ಆಮೇಲೆ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಚಿತ್ರ ಬರೆದು ವಿವರಿಸಿದಾಗ ಅವಳು ನನ್ನ ಮುಖ ನೋಡಿದಳು. ಬಾಯಲ್ಲಿ ಎಲೆ ಅಡಿಕೆ ಇರುತ್ತೆ, ಮಾತು ಕಮ್ಮಿ. ಉಸಿರು ಮೂಗಿನಲ್ಲೇ. ಬಾಯಿ ಬಿಡೋ ಹಾಗಾದರೆ ನಿಲ್ತಾಳೆ, ಆದರೆ ಕೂರಲ್ಲ. "ಕುಂತ್ರೆ ಮಂಡಿ ಮರ್ತೋಯ್ತದೆ" ಅಂತಾಳೆ.

ಇನ್ನೊಂದು ನಿಯಮ ಇಡೀ ಗುಂಪಿನದು. ನಿಧಾನಕ್ಕೆ ನಡೆಯೋರು ಎಲ್ಲರಿಗಿಂತ ಮುಂದೆ. ಗಟ್ಟಿ ಕಾಲಿನವರು ಹಿಂದೆ. ಬೆಂಗಳೂರಿನ ಟ್ರೆಕ್ಕಿಂಗ್ ಗುಂಪುಗಳಲ್ಲಿ ನಾನು ನೋಡಿರೋದು ಇದರ ಉಲ್ಟಾ. ಮುಂದೆ ಹೋದವರು ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ತಿರ್ತಾರೆ, ಹಿಂದಿನವರು ಬಂದ ತಕ್ಷಣ ಅವರ ವಿಶ್ರಾಂತಿ ಮುಗಿದಿರುತ್ತೆ, ಹೊರಟುಬಿಡ್ತಾರೆ. ಹಿಂದಿನವರಿಗೆ ವಿಶ್ರಾಂತಿಯೇ ಸಿಗಲ್ಲ. ಇಲ್ಲಿ ದೊಡ್ಡವ್ವನ ಹೆಜ್ಜೆಯೇ ಮೂವತ್ತು ಜನರ ಹೆಜ್ಜೆ. ಗೊಣಗಿದವರು ಇಬ್ಬರೇ, ಇಬ್ಬರೂ ಇಪ್ಪತ್ತು ದಾಟದ ಹುಡುಗರು.

ದಾರಿಯಲ್ಲಿ ಕೆಲವು ಕಡೆ ಮೆಟ್ಟಿಲು ಇವೆ, ಕೆಲವು ಕಡೆ ಬರೀ ಉರುಳುಗಲ್ಲು. ಮೆಟ್ಟಿಲು ಬಂದರೆ ನನಗೆ ಖುಷಿ, ದೊಡ್ಡವ್ವನಿಗೆ ಸಿಟ್ಟು. ಮೆಟ್ಟಿಲಲ್ಲಿ ಅಡ್ಡಡ್ಡ ಹೋಗೋಕಾಗಲ್ಲ, ಅದು ಹೇಳಿದಷ್ಟೇ ಎತ್ತರ ಕಾಲು ಎತ್ತಬೇಕು. ಅವಳು ಮೆಟ್ಟಿಲ ಪಕ್ಕದ ಮಣ್ಣಿನಲ್ಲೇ ಹೋದಳು. ಸುತ್ತ ಕಾಡು ಒಣಗಿ ನಿಂತಿತ್ತು, ಬಿದಿರು, ಲಂಟಾನ, ಮಧ್ಯೆ ಅಲ್ಲೊಂದು ಇಲ್ಲೊಂದು ಮುತ್ತುಗದ ಮರ ಮಾತ್ರ ಎಲೆಯಿಲ್ಲದೆ ಕೆಂಪಗೆ ಹೂಬಿಟ್ಟಿತ್ತು. ರಂಗಸ್ವಾಮಿ ವಡ್ಡು ಬರೋ ಹೊತ್ತಿಗೆ ನನ್ನ ಎರಡು ಬಾಟಲಿ ನೀರು ಖಾಲಿ.

ಅಲ್ಲೇ ಅವಳ ಮಂಡಿ ಕೈಕೊಟ್ಟಿದ್ದು. ಒಂದು ಸಣ್ಣ ಇಳಿಜಾರು, ಕಲ್ಲು ಜಾರಿ ಎಡಗಾಲು ತಿರುಚಿತು. ಕೂರದವಳು ಕೂತಳು. ಮುಖ ಬಿಳಿಚಿಕೊಂಡಿತ್ತು. ಹಿಂದಿದ್ದ ಗುಂಪು ನಿಂತಿತು. ಹೊರೋಣ್ವಾ ಅಂತ ಹುಡುಗರು ಬಂದರು. ದೊಡ್ಡವ್ವ ಬೇಡ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ಭಯ ಆಗಿದ್ದು. "ಒಸಿ ತಡೀರಿ" ಅಂದಳು. ಹೆಂಗಸರು ಅವಳ ಸುತ್ತ ಕೂತರು. ಟೈಲರಿಂಗ್ ಮಾಡೋ ಅಕ್ಕ ತನ್ನ ದುಪಟ್ಟಾ ಹರಿದು ಮಂಡಿಗೆ ಬಿಗಿಯಾಗಿ ಸುತ್ತಿದಳು. ಗುಡ್ಡಯ್ಯ ಏನೂ ಹೇಳದೆ ಕಂಸಾಳೆ ತೆಗೆದರು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ದಾರದ ತುದಿಗೆ ತೂಗುವ ತಾಳ.

ಹಾಡಿದ್ದು ಸಂಕಮ್ಮನ ಕಥೆ. ಆ ಕಥೆ ಹೀಗೆ: ಗಂಡ ನೀಲೇಗೌಡ ಕಾಡಿಗೆ ಹೊರಟಿದ್ದಾನೆ, ತಿಂಗಳುಗಟ್ಟಲೆ ಬರಲ್ಲ. ನಾನಿಲ್ಲದಾಗ ತಪ್ಪಿ ನಡೆಯಲ್ಲ ಅಂತ ಭಾಷೆ ಕೊಡು ಅಂತ ಹೆಂಡತಿಯನ್ನು ಕೇಳ್ತಾನೆ. ಸಂಕಮ್ಮ ಕೊಡಲ್ಲ. ಅವನು ಅವಳಿಗೆ ಚಿತ್ರಹಿಂಸೆ ಕೊಟ್ಟು, ಕಾಡಿನಲ್ಲಿ ಗುಡಿಸಲಿನೊಳಗೆ ಕೂಡಿ ಹಾಕಿ ಹೋಗ್ತಾನೆ. ಅಲ್ಲಿಗೆ ಮಾದಪ್ಪ ಬರ್ತಾನೆ. ಅವಳಿಗೆ ಮಕ್ಕಳ ವರ ಕೊಡ್ತಾನೆ, ಕಾರಯ್ಯ, ಬಿಲ್ಲಯ್ಯ ಹುಟ್ತಾರೆ. ಚಿಕ್ಕಂದಿನಲ್ಲಿ ಕ್ಯಾಸೆಟ್ಟಿನಲ್ಲಿ ಕೇಳುವಾಗ ನನಗಿದು ದೇವರ ಪವಾಡದ ಕಥೆ. ಆ ಕಲ್ಲಿನ ಮೇಲೆ, ಹನ್ನೊಂದು ಜನ ಹೆಂಗಸರ ಮಧ್ಯೆ ಕೂತು ಕೇಳಿದಾಗ ಬೇರೆ ಏನೋ ಕೇಳಿಸಿತು. ಸುತ್ತ ಇದ್ದವರಲ್ಲಿ ಗಂಡನಿಗೆ ಹೇಳದೆ ಹತ್ತು ರೂಪಾಯಿ ಖರ್ಚು ಮಾಡೋ ಹಾಗಿಲ್ಲದವರಿದ್ದರು. ಮೊಬೈಲಿಗೆ ದಿನಕ್ಕೆ ನಾಲ್ಕು ಸಲ ಎಲ್ಲಿದ್ದೀಯ ಅಂತ ಕರೆ ಬರುತ್ತಿದ್ದವರಿದ್ದರು. ಗುಡ್ಡಯ್ಯ ಹಾಡುವಾಗ ಅವರು ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಒಬ್ಬಳು "ಅತ್ತೆ ಕತೆ ಆಡಯ್ಯ" ಅಂದಳು, ಸೊಸೆಯರಿಗೆ ಕಾಟ ಕೊಡೋ ಇಕ್ಕೇರಿ ದೇವಮ್ಮನ ಕಥೆ. ಎಲ್ಲರೂ ನಕ್ಕರು. ದೊಡ್ಡವ್ವನೂ ನಕ್ಕಳು.

ಮುಕ್ಕಾಲು ಗಂಟೆ ಆಗಿತ್ತು. ಅವಳು ಕೋಲೂರಿ ಎದ್ದಳು.

ಅಲ್ಲಿಂದ ಮುಂದೆ ಅವಳು ನನ್ನ ಭುಜದ ಮೇಲೆ ಕೈಯಿಟ್ಟು ನಡೆದಳು. ಇಳಿಜಾರು ಬಂದಾಗೆಲ್ಲ ಇಬ್ಬರು ಮುಂದೆ ನಿಂತು ಗೋಡೆ ಆಗ್ತಿದ್ದರು. ಪ್ರತಿ ಗುಂಪಿನವರೂ ನಮ್ಮನ್ನು ದಾಟಿ ಹೋದರು. ಮೈಸೂರು ಕಡೆಯವರು, ತಮಿಳುನಾಡಿನ ಕಡೆಯವರು, ಬರಿಗಾಲಿನ ಮಕ್ಕಳು. ದಾಟುವ ಮುಂಚೆ ಅವಳ ಕಾಲು ಮುಟ್ಟಿ ಹೋದರು ಕೆಲವರು. ಮೊದಲು ಅವಳಿಗೆ ಮುಜುಗರ, ಆಮೇಲೆ ಅಭ್ಯಾಸ ಆಯ್ತು ಅನ್ಸುತ್ತೆ. ಆನೆತಲೆದಿಂಬದ ಹತ್ತಿರ ಯಾರೋ ಪಾನಕ ಕೊಟ್ಟರು. ಇಷ್ಟು ರುಚಿಯಾದ ಪಾನಕವನ್ನು ಬೇರೆಲ್ಲೂ ಕುಡಿದಿಲ್ಲ.

ಇಲ್ಲಿ ಸಿಟ್ಟಿನ ಒಂದು ಮಾತು ಹೇಳಲೇಬೇಕು. ಇಡೀ ದಾರಿಯುದ್ದಕ್ಕೂ ನೀರಿನ ಬಾಟಲಿ, ಪ್ಲಾಸ್ಟಿಕ್ ಲೋಟ, ಗುಟ್ಕಾ ಪಾಕೀಟು. ಇದು ಬರೀ ದೇವಸ್ಥಾನದ ಬೆಟ್ಟ ಅಲ್ಲ, 2013ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯಾದ ಕಾಡು, 900 ಚದರ ಕಿಲೋಮೀಟರಿಗೂ ದೊಡ್ಡದು. ಬೆಟ್ಟದ ಮೇಲೆ ‘ರಜ ಹೊಡೆಯೋ ಸೇವೆ’ ಅಂತ ಒಂದು ಹರಕೆ ಇದೆ. ಪೊರಕೆ ಹಿಡಿದು ದೇವಸ್ಥಾನದ ಸುತ್ತ ಕಸ ಗುಡಿಸೋದು. ಎಷ್ಟು ಚೆಂದದ ಹರಕೆ! ಆದರೆ ಮೇಲೆ ಭಕ್ತಿಯಿಂದ ಗುಡಿಸುವ ಕೈಗಳೇ ಕೆಳಗೆ ಬಾಟಲಿ ಎಸೆದು ಬಂದಿರ್ತವೆ. ನಮ್ಮ ಗುಂಪಿನ ಆ ಇಬ್ಬರು ಗೊಣಗುವ ಹುಡುಗರಿಗೆ ಒಂದು ಗೋಣಿಚೀಲ ಕೊಟ್ಟೆ. ದೊಡ್ಡವ್ವನ ಹೆಜ್ಜೆಗೆ ಕಾಯೋ ಬದಲು ಕಸ ಹೆಕ್ಕಿ ಅಂದೆ. ಬೆಟ್ಟ ತಲುಪೋ ಹೊತ್ತಿಗೆ ಚೀಲ ತುಂಬಿ, ಇನ್ನೊಂದು ಚೀಲ ಅವರೇ ಕೇಳಿ ತಗೊಂಡಿದ್ದರು.

ನಾವು ನಡೆದು ಬಂದ ನಾಲ್ಕು ತಿಂಗಳಿಗೆ, 2025ರ ಜೂನ್ ಕೊನೆಯಲ್ಲಿ, ಇದೇ ಕಾಡಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಮಾಂಸಕ್ಕೆ ವಿಷ ಹಾಕಿದ್ದರು. ಮಾದಪ್ಪನ ಪಟ ನೋಡಿದವರಿಗೆ ಗೊತ್ತು, ಅವನು ಕೂತಿರೋದು ಹುಲಿಯ ಮೇಲೆ. ಟಿವಿಯಲ್ಲಿ ಅದನ್ನು ನೋಡ್ತಾ ದೊಡ್ಡವ್ವ, "ಅಪ್ಪನ ಕುದುರೇನೇ ಕೊಂದ್ಬುಟ್ರಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಹಸ ಕಳ್ಕಂಡೋನ ಹೊಟ್ಟೇನೂ ಉರ್ದಿರ್ತದೆ" ಅಂತಲೂ ಅಂದಳು. ಹಸು ಸಾಕುವವಳ ಮಾತು ಅದು. ಅವೆರಡೂ ಮಾತನ್ನು ಒಂದೇ ಉಸಿರಲ್ಲಿ ಹೇಳಿದವರನ್ನು ಆ ವಾರದ ಯಾವ ಚರ್ಚೆಯಲ್ಲೂ ನಾನು ಕೇಳಲಿಲ್ಲ.

ಬೆಟ್ಟ ತಲುಪಿದಾಗ ಮಧ್ಯಾಹ್ನ ಎರಡೂವರೆ ದಾಟಿತ್ತು. ಬಸ್ಸಿಗೆ ಒಂದು ಗಂಟೆಯೂ ಬೇಡದ ದಾರಿ, ನಮಗೆ ಎಂಟು ಗಂಟೆ. ದೂರದಿಂದಲೇ 2023ರಲ್ಲಿ ನಿಲ್ಲಿಸಿದ 108 ಅಡಿ ಎತ್ತರದ ಮಾದಪ್ಪನ ವಿಗ್ರಹ ಕಾಣಿಸಿತು. ಹುಡುಗರೆಲ್ಲ ಫೋನ್ ತೆಗೆದರು. ದೊಡ್ಡವ್ವ ಅದರ ಕಡೆ ಒಂದು ಸಲ ಕೈಮುಗಿದು, ಅಂತರಗಂಗೆ ಎಲ್ಲಿ ಅಂತ ನೋಡಿದಳು. ಮೊದಲು ಸ್ನಾನ. ಆಮೇಲೆ ಸಾಲು. ಶಿವರಾತ್ರಿಯ ದಿನದ ಸಾಲನ್ನು ವರ್ಣಿಸಲ್ಲ, ನೀವೇ ಊಹಿಸಿಕೊಳ್ಳಿ. ಅವಳ ಪಕ್ಕದಲ್ಲಿ ನಿಂತ ನಾನು ಒಂದೇ ಲೆಕ್ಕ ಹಾಕ್ತಿದ್ದೆ: ಜುಲೈಯಲ್ಲಿ ಆಪರೇಷನ್, ಆಮೇಲೆ ಆರು ತಿಂಗಳು ಜೋಪಾನ. ಅಂದರೆ ಇದೇ ಕಡೇ ನಡಿಗೆ. ಅಣ್ಣ ಇನ್ನು ಬಿಡಲ್ಲ. ಆ ಐದು ದಿನ ಇನ್ನು ಇಲ್ಲ. ಅವಳಿಗೂ ಇದು ಗೊತ್ತಿರುತ್ತೆ, ಆದರೂ ಏನೂ ಹೇಳ್ತಿಲ್ಲ ಅಂತ ನನಗೆ ಗಂಟಲು ಕಟ್ಟಿತ್ತು.

ಗರ್ಭಗುಡಿ ಎದುರು ಸಿಕ್ಕಿದ್ದು ಅರ್ಧ ನಿಮಿಷ. ಹಿಂದಿನವರು ತಳ್ತಿದ್ದರು. ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಹೊರಗೆ ಬಂದು, ದಾಸೋಹದ ಸಾಲಿನ ಹತ್ತಿರ ಗೋಡೆಗೊರಗಿ ಕೂತಾಗ ಕೇಳಿದೆ, ಏನು ಬೇಡಿಕೊಂಡೆ ದೊಡ್ಡವ್ವ?

"ಆಪ್ರೇಸನ್ ಸುಸೂತ್ರ ಆದ್ರೆ, ಹೊಸ ಮಂಡೀಲಿ ಮೂರೊರ್ಸ ನಡ್ಕಂಡು ಬತ್ತೀನಿ ಅಂತ ಹರಕೆ ಕಟ್ಕೊಂಡೆ."

ನಾನು ಸುಮ್ಮನೆ ನೋಡಿದೆ.

"ನಿಮ್ಮಣ್ಣಂಗೆ ನೀನೇ ಯೋಳು" ಅಂದಳು. "ಅರಕೆ ಕಣಪ್ಪ, ತಪ್ಪಿಸಂಗಿಲ್ಲ ಅನ್ನು."

ಜುಲೈಯಲ್ಲಿ ಆಪರೇಷನ್ ಆಯ್ತು. ಆರನೇ ವಾರಕ್ಕೆ ಕೋಲಿಲ್ಲದೆ ಹಟ್ಟಿಯಿಂದ ಹಲಗೂರು ಬಸ್‌ಸ್ಟ್ಯಾಂಡಿನವರೆಗೆ ನಡೆದು ತೋರಿಸಿದಳು. ಎಷ್ಟು ತಿಂಗಳಿಗೆ ಎಷ್ಟು ದೂರ ನಡೆಯಬಹುದು ಅಂತ ಡಾಕ್ಟರು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಅದು ಅಡುಗೆ ಮನೆಯ ಗೋಡೆಗೆ, ಹಾಲಿನ ಡೈರಿಯ ಕಾರ್ಡಿನ ಪಕ್ಕದಲ್ಲಿ ತೂಗ್ತಿದೆ. ಅಣ್ಣ ಈಗ ಬಸ್ಸಿನ ಮಾತು ಎತ್ತಲ್ಲ. ಮೊನ್ನೆ ಫೋನ್ ಮಾಡಿ, "ಅವ್ವ ಒಬ್ಬಳೇ ಬೇಡ, ನೀನು ಬರ್ತೀಯ ತಾನೆ?" ಅಂತ ಕೇಳಿದ. ನಾನು ರಜೆಯ ಕ್ಯಾಲೆಂಡರ್ ತೆಗೆದು ನೋಡ್ತಿದ್ದೀನಿ.